ಚಾಲಿ ಲಾಟ್‌ಗಳ ಲೆಕ್ಕ: ಬ್ಲಾಕ್‌ಚೈನ್‌ನಿಂದ ಪೋಸ್ಟ್‌ಗ್ರೆಸ್‌ಗೆ ಇಳಿಸುವುದು ಹೇಗೆ?

ಸಿರ್ಸಿ ಅಡಿಕೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಅದೇ ವರ್ಷ ಕಾಫಿ ಮಂಡಳಿ ಬ್ಲಾಕ್‌ಚೈನ್ ಮಾರುಕಟ್ಟೆಯ ಪ್ರಯೋಗ ಶುರು ಮಾಡಿತು. ಬ್ಲಾಕ್‌ಚೈನ್ ಎಂದರೆ ಬ್ಲಾಕ್ ಎಂಬ ಕಂತೆಗಳನ್ನು ಒಂದಕ್ಕೊಂದು ಪೋಣಿಸಿ, ಹಲವರು ಹಂಚಿಕೊಳ್ಳುವ ಲೆಕ್ಕದ ಪುಸ್ತಕ. ನಮ್ಮ ಅಡಿಕೆಯ ಚಾಲಿ, ರಾಶಿ, ಬೆಟ್ಟೆ ಲಾಟ್‌ಗಳನ್ನೂ ಹೀಗೆ ದಾಖಲಿಸಬಹುದಲ್ವಾ? ಖಂಡಿತ. ಆದರೆ ಕಳೆದ ತಿಂಗಳು ಯಾವ ಊರಿನ ಚಾಲಿ ಎಷ್ಟು ಮಾರಾಟವಾಯಿತು ಎಂದು ಬ್ಲಾಕ್‌ಚೈನ್‌ಗೆ ನೇರವಾಗಿ ಕೇಳಲು ಬರುವುದಿಲ್ಲ. ಅದಕ್ಕೆ ಟೇಬಲ್ ಬೇಕು, ಟೇಬಲ್‌ಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯುಎಲ್ ಬೇಕು. ಇಲ್ಲಿ ಇಥೀರಿಯಂ ಎಂಬ ಬ್ಲಾಕ್‌ಚೈನ್ ಮತ್ತು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಬ್ಲಾಕ್‌ಗಳ ಟೇಬಲ್: ನಂಬರ್, ಹ್ಯಾಶ್ (ಬ್ಲಾಕಿನ ಬೆರಳಚ್ಚಿನಂಥ ಸಂಕೇತ), ಹಿಂದಿನ ಬ್ಲಾಕಿನ ಹ್ಯಾಶ್, ಸಮಯ. ಲಾಟ್ ವರ್ಗಾವಣೆಗೆ ಇನ್ನೊಂದು. ಅದರ ಪ್ರತಿ ಸಾಲಿಗೂ ಬ್ಲಾಕ್ ಹ್ಯಾಶ್‌ನ ಫಾರಿನ್ ಕೀ (ಬ್ಲಾಕ್ ಟೇಬಲ್‌ಗೆ ಕೊಂಡಿ) ಇರಲಿ, ಬ್ಲಾಕ್ ಅಳಿಸಿದರೆ ಇದೂ ಅಳಿಯುವ ಡಿಲೀಟ್ ಕ್ಯಾಸ್ಕೇಡ್ ಸಹಿತ. ಬ್ಲಾಕ್ ಹ್ಯಾಶ್, ಲಾಗ್ ಇಂಡೆಕ್ಸ್ (ಲಾಗ್ ಎಂದರೆ ವರ್ಗಾವಣೆಯ ದಾಖಲೆ, ಇದು ಬ್ಲಾಕಿನೊಳಗೆ ಅದರ ಕ್ರಮಸಂಖ್ಯೆ) ಎರಡೂ ಸೇರಿ ಯುನೀಕ್ ಆಗಿರಲಿ. ತೂಕದ ಕಾಲಂಗೆ ಬಿಗ್‌ಇಂಟ್ ಎಂಬ ಪೂರ್ಣಾಂಕದ ಬಗೆ ಬೇಡವೇ ಬೇಡ. ಕ್ವಿಂಟಲ್‌ಗೆ ಒಂದು ಟೋಕನ್ ಎಂದಿಟ್ಟುಕೊಳ್ಳಿ. ಚೈನ್‌ನಲ್ಲಿ ದಶಾಂಶ ಬಿಂದು ತೆಗೆದು ಪೂರ್ಣಾಂಕವಾಗಿಯೇ ಬರೆಯುತ್ತಾರೆ. ಟೋಕನ್‌ಗೆ 18 ದಶಾಂಶ ಇದ್ದರೆ ಬರೀ 10 ಕ್ವಿಂಟಲ್ ಎಂದರೂ 1ರ ಮುಂದೆ 19 ಸೊನ್ನೆ! ಬಿಗ್‌ಇಂಟ್‌ಗೆ ಅದು ಹಿಡಿಸುವುದಿಲ್ಲ. 78 ಅಂಕಿಗಳವರೆಗೆ ಹಿಡಿಸುವ ನ್ಯೂಮೆರಿಕ್ (78, 0) ಕೊಡಿ. ಬೆಳೆಗಾರರ ಹೆಸರು, ಊರು ಪೋಸ್ಟ್‌ಗ್ರೆಸ್‌ನಲ್ಲಷ್ಟೇ ಇರಲಿ; ಚೈನ್‌ಗೆ ಒಮ್ಮೆ ಹೋದದ್ದನ್ನು ಅಳಿಸಲಾಗದು.

ಓದುವ ಕೆಲಸ ಸುಲಭ. ನಿಮ್ಮ ಕಾಂಟ್ರ್ಯಾಕ್ಟ್ (ಲಾಟ್ ವರ್ಗಾವಣೆ ನಡೆಸುವ ಪ್ರೋಗ್ರಾಂ) ಚೈನ್ ಸೇರಿದ ಬ್ಲಾಕಿನಿಂದ ಶುರು ಮಾಡಿದರೆ ಸಾಕು. ಹಳೆಯದನ್ನು ಒಟ್ಟೊಟ್ಟಿಗೆ ತನ್ನಿ. ತುದಿಗೆ ಬಂದ ಮೇಲೆ ಒಂದೊಂದೇ ಬ್ಲಾಕ್ ಓದಿ. ಆಗ ಲಾಗ್‌ಗಳನ್ನು ನಂಬರ್ ಕೊಟ್ಟು ಕೇಳಬೇಡಿ, ಹ್ಯಾಶ್ ಕೊಟ್ಟು ಕೇಳಿ. ಅಷ್ಟರಲ್ಲಿ ಅದೇ ನಂಬರಿನಲ್ಲಿ ಬೇರೆ ಬ್ಲಾಕ್ ಬಂದು ಕೂತಿರಬಹುದು.

ಹೀಗೆ ತುದಿಯ ಬ್ಲಾಕ್‌ಗಳು ಬದಲಾಗುವುದೇ ರೀಆರ್ಗ್. ಇಡೀ ಕೆಲಸದಲ್ಲಿ ಜಾಸ್ತಿ ಗಮನ ಕೊಡಬೇಕಾದ್ದು ಇದಕ್ಕೇ. ಇಥೀರಿಯಂನಲ್ಲಿ 12 ಸೆಕೆಂಡಿಗೊಂದು ಬ್ಲಾಕ್ ಬರುತ್ತದೆ, ಅದು ಪಕ್ಕಾ ಆಗಲು ಸುಮಾರು 13 ನಿಮಿಷ ಬೇಕು. ಅಲ್ಲಿಯವರೆಗೆ ಕೊನೆಯ ಬ್ಲಾಕ್‌ಗಳು ಬದಲಾಗಬಹುದು. ಹೊಸ ಬ್ಲಾಕ್ ಬಂದಾಗಲೆಲ್ಲ ಅದರಲ್ಲಿರುವ ಹಿಂದಿನ ಹ್ಯಾಶ್, ನಿಮ್ಮ ಟೇಬಲ್‌ನ ಕೊನೆಯ ಹ್ಯಾಶ್‌ಗೆ ತಾಳೆಯಾಗುತ್ತದಾ ನೋಡಿ. ಆಗದಿದ್ದರೆ ಆ ಕೊನೆಯ ಬ್ಲಾಕ್ ಅಳಿಸಿ. ಅದರ ಲಾಟ್ ಸಾಲುಗಳೂ ಜೊತೆಗೇ ಹೋಗುತ್ತವೆ. ತಾಳೆಯಾಗುವ ತನಕ ಹಿಂದೆ ಹೋಗಿ, ಅಲ್ಲಿಂದ ಮತ್ತೆ ಓದುತ್ತಾ ಬನ್ನಿ. ಯಾರ ಬಳಿ ಎಷ್ಟಿದೆ ಎಂಬ ಮೊತ್ತವನ್ನು ಬೇರೆ ಕಾಲಂನಲ್ಲಿ ಕೂಡಿಸುತ್ತಾ ಹೋಗಬೇಡಿ. ಸಾಲು ಅಳಿದರೂ ಆ ಮೊತ್ತ ಹಾಗೇ ಉಳಿದುಬಿಡುತ್ತದೆ. ಅದಕ್ಕೊಂದು ವ್ಯೂ ಮಾಡಿ, ಕೇಳಿದಾಗಲೆಲ್ಲ ಸಾಲುಗಳಿಂದಲೇ ಕೂಡಿಸಿ ಕೊಡುತ್ತದೆ. ದುಡ್ಡು ಪಾವತಿಸುವ ಮಾತು ಬಂದಾಗ ಪಕ್ಕಾ ಆದ ಬ್ಲಾಕ್‌ಗಳನ್ನು ಮಾತ್ರ ನಂಬಿ.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಹಾಗಾಗಿ ಬ್ಲಾಕ್, ಅದರ ಲಾಟ್‌ಗಳು, ಎಲ್ಲಿಯವರೆಗೆ ಓದಿದೆ ಎಂಬ ಗುರುತು, ಮೂರೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಮಿಟ್ ಆಗಬೇಕು, ಅಂದರೆ ಉಳಿದರೆ ಮೂರೂ ಉಳಿಯಬೇಕು, ಇಲ್ಲವೇ ಒಂದೂ ಉಳಿಯಬಾರದು. ಗುರುತು ಮಾತ್ರ ಮುಂದೆ ಹೋಗಿ ಲಾಟ್ ಹಿಂದೆ ಉಳಿದರೆ, ಅದು ತಪ್ಪಿಹೋದದ್ದೇ ಗೊತ್ತಾಗುವುದಿಲ್ಲ. ನಡುವೆ ಬೇಕೆಂದೇ ಪ್ಲಗ್ ಕಿತ್ತು ನೋಡಿ. ಮತ್ತೆ ಚಾಲೂ ಮಾಡಿ, ಒಂದಷ್ಟು ಬ್ಲಾಕ್‌ಗಳ ವರ್ಗಾವಣೆ ಎಣಿಸಿ ಚೈನ್ ಜೊತೆ ತಾಳೆ ಹಾಕಿ. ಒಂದು ಸಾಲು ಹೆಚ್ಚುಕಮ್ಮಿ ಬಂದರೂ ಮಂಡಿಯವರ ಕೈಗೆ ಕೊಡಬೇಡಿ.