ಬಾಣಂತಿ ಇಲಿಯ ಹಾಲಿನ ಗ್ರಂಥಿಗೂ ಹೋಲ್ ಮೌಂಟ್ ಆಗುತ್ತದೆ: ನನ್ನ ಅನುಭವ

"ಬಾಣಂತಿ ಇಲಿಗೆ ಹೋಲ್ ಮೌಂಟ್ ಮಾಡೋಕೆ ಹೋಗಬೇಡ, ಬರೀ ಕೆಂಪು ಮುದ್ದೆ ಕಾಣುತ್ತೆ, ಸೆಕ್ಷನ್ ಮಾಡಿ ಮುಗಿಸು." ನಮ್ಮ ಲ್ಯಾಬಿನಲ್ಲಿ ಎಲ್ಲರೂ ಹೇಳಿದ್ದು ಇದೇ. ಹೋಲ್ ಮೌಂಟ್ ಅಂದರೆ ಗ್ರಂಥಿಯನ್ನು ಕತ್ತರಿಸದೆ ಇಡಿಯಾಗಿ ಸ್ಲೈಡಿನ ಮೇಲೆ ಹರಡಿ ಬಣ್ಣ ಹಾಕಿ ನೋಡುವುದು; ಸೆಕ್ಷನ್ ಅಂದರೆ ತೆಳುವಾಗಿ ಹೆಚ್ಚಿ ನೋಡುವುದು. ಸೀನಿಯರ್ ಅಕ್ಕ ಒಬ್ಬರು ತಾವೇ ಎರಡು ಸಲ ಕೈ ಸುಟ್ಟುಕೊಂಡಿದ್ದರು. ಅವರ ಮಾತು ಸುಳ್ಳೂ ಅಲ್ಲ. ಬಸುರಿಯಾಗದ ಇಲಿಯಲ್ಲಿ ಹಾಲಿನ ನಾಳಗಳು ಎಲೆ ಉದುರಿದ ಮರದ ಕೊಂಬೆಗಳ ಹಾಗೆ ಬಿಡಿಬಿಡಿಯಾಗಿ ಕಾಣುತ್ತವೆ. ಹತ್ತು ದಿನದ ಬಾಣಂತಿಯಲ್ಲಿ ಹಾಲು ತಯಾರಾಗುವ ಪುಟ್ಟ ಗೂಡುಗಳು (ಆಲ್ವಿಯೋಲೈ) ಒತ್ತೊತ್ತಾಗಿ ತುಂಬಿ, ಕೊಬ್ಬು ಎಲ್ಲಿದೆ ಅಂತ ಹುಡುಕಬೇಕು. ಆದರೂ ಕಳೆದ ತಿಂಗಳು ನನ್ನ ಸ್ಲೈಡಿನಲ್ಲಿ ಒಂದೊಂದು ಗೂಡೂ ಬೇರೆ ಬೇರೆಯಾಗಿ ಕಂಡಿತು. ಅಕ್ಕ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವರು ಐದು ನಿಮಿಷ ಏಳಲಿಲ್ಲ.

ಮರಿಗಳನ್ನು ತಾಯಿಯಿಂದ ದೂರ ಮಾಡಿ ಹಾಲು ಬಿಡಿಸಿದ ಮೇಲೆ ಗ್ರಂಥಿ ದಿನದಿಂದ ದಿನಕ್ಕೆ ಹೇಗೆ ಕುಗ್ಗುತ್ತದೆ ಅಂತ ನೋಡುವುದು ನನ್ನ ಕೆಲಸ. ಮೊದಲನೇ ಬ್ಯಾಚು ಪೂರ್ತಿ ಹಾಳಾಯಿತು. ಹನ್ನೆರಡು ತಾಯಂದಿರು. ಹಾಲು ಬಿಡಿಸಿದ ಎರಡನೇ ದಿನದ ಗ್ರಂಥಿಗಳು ಒಂದೊಂದು ಒಂದೊಂದು ಥರ. ಬಣ್ಣದ್ದೇ ತಪ್ಪು ಅಂದುಕೊಂಡು ಹೊಸ ಕಾರ್ಮೈನ್ (ಗ್ರಂಥಿಗೆ ಹಾಕುವ ಕೆಂಪು ಬಣ್ಣ) ತರಿಸಿದೆ, ಸುಮಾರು 14 ಸಾವಿರ ಆಯಿತು. ತಪ್ಪು ಇದ್ದದ್ದು ಕೇಜಿನಲ್ಲಿ. ಒಂದು ತಾಯಿಗೆ ನಾಲ್ಕು ಮರಿ, ಇನ್ನೊಂದಕ್ಕೆ ಒಂಬತ್ತು. ನಮ್ಮ ಲ್ಯಾಬಿನ ಪುಟ್ಟ ಇಲಿಗೆ (ಮೌಸ್) ಮೊಲೆ ಹತ್ತು. ನಾಲ್ಕೇ ಮರಿ ಇದ್ದರೆ ಕೆಲವು ಮೊಲೆಗೆ ಬಾಯಿ ಹಾಕುವವರೇ ಕಡಿಮೆ, ಅಲ್ಲಿ ನಾವು ಬಿಡಿಸುವ ಮೊದಲೇ ಹಾಲು ಬತ್ತತೊಡಗಿರುತ್ತದೆ ಅನ್ನುವುದು ನನ್ನ ಲೆಕ್ಕ. ಅಲ್ಲಿಂದ ಮುಂದೆ ಚೊಚ್ಚಲ ಬಾಣಂತಿಗಳನ್ನು ಮಾತ್ರ ತೆಗೆದುಕೊಂಡೆ. ಹೆತ್ತ ಮಾರನೇ ದಿನವೇ ಎಲ್ಲಕ್ಕೂ ಏಳೇಳು ಮರಿ ಮಾಡಿಟ್ಟೆ.

ಎರಡನೇ ಬ್ಯಾಚಿನಲ್ಲಿ ಪಕ್ಕದ ರಸ್ತೆಯಲ್ಲಿ ಡ್ರಿಲ್ಲಿಂಗ್ ಶುರುವಾಯಿತು. ಗೋಡೆಯೇ ನಡುಗುತ್ತಿತ್ತು. ಐದು ತಾಯಂದಿರಲ್ಲಿ ಮೂರು ತಮ್ಮ ಮರಿಗಳನ್ನು ತಿಂದುಹಾಕಿದವು. ಬೆಳಿಗ್ಗೆ ಆರಕ್ಕೆ ಬೈಕಿನಲ್ಲಿ ಬಂದು ಪ್ಲಗ್ (ಇಲಿ ಕೂಡಿದ ಗುರುತು) ನೋಡಿ, ಇಪ್ಪತ್ತು ದಿನ ಕಾದು, ಕೊನೆಗೆ ಖಾಲಿ ಗೂಡು ನೋಡಿದರೆ ಹೊಟ್ಟೆ ಉರಿಯುತ್ತದೆ. ಅನಿಮಲ್ ಹೌಸಿನ ಅಣ್ಣ ಕೇಜುಗಳನ್ನು ಒಳಗಿನ ಕೋಣೆಗೆ ಸಾಗಿಸಿದರು. "ಹೆತ್ತ ಮೂರು ದಿನ ಹುಲ್ಲೂ ಬದಲಾಯಿಸಬೇಡಿ ಮೇಡಂ, ಸುಮ್ನೆ ಬಿಟ್ಟುಬಿಡಿ" ಅಂದರು. ಆಮೇಲೆ ಒಂದು ಮರಿಯೂ ಹೋಗಲಿಲ್ಲ. ಅಷ್ಟು ಹೊತ್ತಿಗೆ ಕೇಜಿನ ಬಾಡಿಗೆ ಸೇರಿ 60 ಸಾವಿರದ ಮೇಲೆ ಹೋಗಿತ್ತು. ಎಥಿಕ್ಸ್ ಕಮಿಟಿ ಒಪ್ಪಿದ್ದ ಇಲಿಗಳ ಲೆಕ್ಕವೂ ಮುಗಿಯುತ್ತಾ ಬಂದಿತ್ತು.

ಈಗ ಕೆಲಸಕ್ಕೆ ಬಂದದ್ದು. ಗ್ರಂಥಿಯೊಳಗೆ ಹಾಲು ಇದ್ದರೆ, ಗ್ರಂಥಿ ಕೆಡದಂತೆ ಫಿಕ್ಸ್ ಮಾಡುವ ಕಾರ್ನಾಯ್ ದ್ರಾವಣದಲ್ಲಿ ಅದು ಬೆಳ್ಳಗೆ ಗಟ್ಟಿಯಾಗುತ್ತದೆ, ಬಣ್ಣ ಒಳಗೆ ಇಳಿಯುವುದಿಲ್ಲ. ಹಾಗಾಗಿ ಮರಿಗಳನ್ನು ಎರಡು ಗಂಟೆ ಬೇರೆ ಇಟ್ಟು, ವಾಪಸ್ ಬಿಟ್ಟು, ಮುಕ್ಕಾಲು ಗಂಟೆ ಚೆನ್ನಾಗಿ ಕುಡಿದ ಮೇಲೆ ನಾಲ್ಕನೇ ಜೋಡಿಯ, ಅಂದರೆ ಹೊಟ್ಟೆ ಭಾಗದ, ಗ್ರಂಥಿ ತೆಗೆಯುತ್ತೇನೆ. ಎರಡು ಸ್ಲೈಡಿನ ಮಧ್ಯೆ ಇಟ್ಟು ಒತ್ತಿ, ಎರಡು ರಾತ್ರಿ ಫಿಕ್ಸ್. ಎಷ್ಟು ಭಾರ, ಯಾವ ಹೊತ್ತಿಗೆ ಬಿಚ್ಚಬೇಕು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಹಾಲು ಬಿಡಿಸಿದ ಒಂದು, ಎರಡನೇ ದಿನದ ಗ್ರಂಥಿಯಿಂದ ಹಾಲು ತೆಗೆಯುವ ಉಪಾಯವೂ ಅಷ್ಟೇ. ಕಾರ್ಮೈನನ್ನು ಮಾಮೂಲಿಗಿಂತ ಅರ್ಧ ಹಾಕುತ್ತೇನೆ: 500 ಎಂಎಲ್‌ಗೆ ಅರ್ಧ ಗ್ರಾಂ. ಪಟಿಕ (ಆಲಂ) ಮಾತ್ರ ಎಂದಿನಂತೆ ಎರಡೂವರೆ ಗ್ರಾಂ. ಫ್ರಿಜ್ಜಿನಲ್ಲಿ ಮೂರು ದಿನ. ಆಮೇಲೆ ಹೆಚ್ಚಿನ ಬಣ್ಣ ತೆಗೆಯಲು ಆಸಿಡ್ ಆಲ್ಕೋಹಾಲಿನಲ್ಲಿ ಹತ್ತತ್ತು ನಿಮಿಷಕ್ಕೆ ಎತ್ತಿ ನೋಡಬೇಕು. ಮಧ್ಯದ ಲಿಂಫ್ ನೋಡಿನ ಅಂಚು ಸ್ಪಷ್ಟವಾದ ಕೂಡಲೇ ನಿಲ್ಲಿಸಬೇಕು.

ಒಂದು ಎಚ್ಚರಿಕೆ. ಜುಲೈ ಮಳೆಯಲ್ಲಿ, ಗ್ರಂಥಿಯ ನೀರು ತೆಗೆಯಲು ಬಳಸುವ ಆಬ್ಸೊಲ್ಯೂಟ್ (ನೀರಿಲ್ಲದ) ಆಲ್ಕೋಹಾಲ್ ಬಾಟಲಿ ತೆರೆದಿಟ್ಟು ಊಟಕ್ಕೆ ಹೋಗಿದ್ದೆ. ಅದು ನೀರು ಎಳೆದುಕೊಂಡಿತು. ಎಂಟು ಗ್ರಂಥಿ, ಅವನ್ನು ಪಾರದರ್ಶಕ ಮಾಡಬೇಕಾದ ಮೀಥೈಲ್ ಸ್ಯಾಲಿಸಿಲೇಟ್‌ನಲ್ಲಿ, ಅಕ್ಕಿ ತೊಳೆದ ನೀರಿನ ಹಾಗೆ ಮಂಜಾದವು. ಮತ್ತೆ ಹಿಂದಕ್ಕೆ ಒಯ್ದು ಹೊಸ ಆಲ್ಕೋಹಾಲಿಗೆ ಹಾಕಿದ ಮೇಲೆ ಆರು ಉಳಿದವು. ಆ ದಿನಗಳಲ್ಲಿ ನನ್ನ ಬಟ್ಟೆಯೆಲ್ಲ ನೋವಿನ ಮುಲಾಮಿನ ವಾಸನೆ. "ಮೈಕೈ ನೋವಾ ಮಗಳೇ?" ಅಂತ ಅಮ್ಮ ದಿನಾ ಕೇಳುತ್ತಿದ್ದರು.

ಮಧ್ಯೆ ಇನ್ನೊಂದು ನೋಡಿದೆ. ಹಾಲು ಬಿಡಿಸಿ 48 ಗಂಟೆಯೊಳಗೆ ಮರಿ ವಾಪಸ್ ಬಿಟ್ಟರೆ ಹಾಲು ಮತ್ತೆ ಬರುತ್ತದೆ ಅಂತ ಓದಿರುತ್ತೇವೆ ಅಲ್ವಾ? ಕಣ್ಣಾರೆ ನೋಡಬೇಕು ಅನಿಸಿತು. ಹತ್ತು ದಿನದ ಮರಿಗೆ ಕೂದಲು ಬಂದಿರುತ್ತದೆ, ಹೊಟ್ಟೆ ಕಾಣದು. ಬೇರೆ ತಾಯಿಯ ಮೂರು ದಿನದ ಗುಲಾಬಿ ಮರಿಗಳನ್ನು ಬಿಟ್ಟೆ. ಒಂದು ದಿನ ಹಾಲು ಬಿಡಿಸಿದ್ದ ತಾಯಿಯ ಬಳಿ ಎರಡೇ ಗಂಟೆಯಲ್ಲಿ ಚರ್ಮದಡಿ ಬಿಳಿ ಚುಕ್ಕೆ ಮೂಡಿತು, ಹಾಲು ತುಂಬಿದ ಹೊಟ್ಟೆ. ಮೂರು ದಿನ ಕಳೆದಿದ್ದ ತಾಯಿಯ ಬಳಿ ಏನೂ ಇಲ್ಲ, ಕೂಡಲೇ ಮರಿಗಳನ್ನು ಸ್ವಂತ ತಾಯಿಗೆ ಸೇರಿಸಿದೆ. ಒಂದೇ ಮೊಲೆಗೆ ಅಂಟು ಹಾಕಿ ಮುಚ್ಚುವ ಪ್ರಯೋಗಕ್ಕೂ ಕೈ ಹಾಕಿದ್ದೆ. ತಾಯಿ ರಾತ್ರಿಯೆಲ್ಲ ನೆಕ್ಕಿ ಕಿತ್ತುಹಾಕಿತು. ಆರರಲ್ಲಿ ಎರಡು ಮಾತ್ರ ನಿಂತವು. ಆ ಎರಡರಲ್ಲೂ ಮುಚ್ಚಿದ ಕಡೆ ಮಾತ್ರ ಗೂಡುಗಳು ಕುಸಿದಿದ್ದವು, ಎದುರು ಬದಿಯಲ್ಲಿ ಹಾಲು ತುಂಬಿತ್ತು.

ಈಗ ನನ್ನ ಟ್ರೇಯಲ್ಲಿ ಪೂರ್ತಿ ಸರಣಿ ಇದೆ. ಎರಡನೇ ದಿನ ಗೂಡುಗಳು ಉಬ್ಬಿ ನಿಂತಿವೆ, ನೋಡಿದರೆ ಬಾಣಂತಿಯದ್ದೇ ಅನ್ನಬೇಕು. ನಾಲ್ಕನೇ ದಿನ ಗಾಳಿ ಹೋದ ಬಲೂನಿನ ಹಾಗೆ ಕುಸಿದಿವೆ, ನಡುವೆ ಕೊಬ್ಬು ಇಣುಕುತ್ತದೆ. ಆರಕ್ಕೆ ಕೊಬ್ಬು ಜಾಸ್ತಿ. ಎರಡು ವಾರಕ್ಕೆ ಮತ್ತೆ ಬರೀ ಕೊಂಬೆಗಳು, ಬಸುರಿಯಾಗದ ಇಲಿಗಿಂತ ಸ್ವಲ್ಪ ಹೆಚ್ಚೇ ಕವಲು. ಅಕ್ಕ ನಿನ್ನೆ ತಮ್ಮ ಹಳೆಯ ಇಲಿಗಳ ಪಟ್ಟಿ ತಂದು ನನ್ನ ಮೇಜಿನ ಮೇಲಿಟ್ಟು, "ಇವಕ್ಕೂ ಮಾಡಿಕೊಡ್ತೀಯಾ?" ಅಂದರು. ಸೋಮವಾರ ಶುರು ಮಾಡುತ್ತೇವೆ.