ಸೋಲಾರ್ ಹೀಟರಿಗೆ ಸೌದೆ ಬಾಯ್ಲರ್ ಜೋಡಿಸುವ ಕ್ರಮ

ಬೆಂಗಳೂರಿನಲ್ಲಿ ಮನೆಯನ್ನು ಬೆಚ್ಚಗಿಡಲು ಒಲೆ ಬೇಕಾಗುವುದಿಲ್ಲ. ಕಾಯಬೇಕಾದದ್ದು ಸ್ನಾನದ ನೀರು. ಸ್ವಂತ ಮನೆಗಳ ತಾರಸಿಯ ಮೇಲೆ ಸೋಲಾರ್ ಹೀಟರ್ ಈಗ ಸಾಮಾನ್ಯ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದ ದಿನಗಳಲ್ಲಿ ಅದರ ನೀರು ಉಗುರು ಬೆಚ್ಚಗಿದ್ದರೆ ಅದೇ ಹೆಚ್ಚು, ಆಗ ಕರೆಂಟಿನ ಕಾಯಿಲ್ ಹಾಕದೆ ವಿಧಿಯಿಲ್ಲ. ಹಿತ್ತಲಿನಲ್ಲಿ ತೆಂಗಿನ ಮರಗಳಿದ್ದು ಮಟ್ಟೆ, ಸೋಗೆ, ಚಿಪ್ಪು ಸುಮ್ಮನೆ ಬೀಳುತ್ತಿದ್ದರೆ, ಇರುವ ಸೋಲಾರಿಗೇ ಒಂದು ಸೌದೆ ಬಾಯ್ಲರ್ ಸೇರಿಸಿಕೊಳ್ಳಬಹುದು. ಅಪಾರ್ಟ್‌ಮೆಂಟಿನವರು ಈ ಯೋಚನೆ ಬಿಡುವುದೇ ಒಳ್ಳೆಯದು.

ಮೊದಲು ಜಾಗ ತೀರ್ಮಾನವಾಗಬೇಕು. ಮಲ್ಲೇಶ್ವರ, ಬಸವನಗುಡಿಯ ಹಳೆಯ ಮನೆಗಳ ಬಚ್ಚಲಿನ ಹಂಡೆಗೆ ಬಾಯಿ ತೆರೆದೇ ಇರುತ್ತಿತ್ತಾದ್ದರಿಂದ ಒತ್ತಡದ ಭಯವಿರಲಿಲ್ಲ. ಈಗಿನ ಬಾಯ್ಲರ್ ಮುಚ್ಚಿದ ಪಾತ್ರೆ: ಅಡಿಯಲ್ಲಿ ಬೆಂಕಿ, ನಡುವೆ ಹೊಗೆ ಕೊಳವೆ, ಅದರ ಸುತ್ತ ನೀರು. ಮೂರಂತಸ್ತಿನ ಮೇಲಿನ ಟ್ಯಾಂಕಿನಿಂದ ನೆಲಮಟ್ಟದ ಬಾಯ್ಲರಿಗೆ ನೀರು ಕೊಟ್ಟರೆ, ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕೆಜಿಯಂತೆ ಒತ್ತಡ ಬೀಳುತ್ತದೆ. ತೆಳು ತಾಮ್ರದ ತಗಡನ್ನು ಬೆಸೆದು ಮಾಡಿದ ಪಾತ್ರೆ ಇದನ್ನು ತಾಳಲಾರದು. ಆದ್ದರಿಂದ ತಾರಸಿಯಲ್ಲಿಯೇ, ಸೋಲಾರ್ ಟ್ಯಾಂಕಿಗಿಂತ ತಗ್ಗಿನಲ್ಲಿ, ಬೀಮ್ ಅಥವಾ ಪಿಲ್ಲರ್ ಇರುವ ಕಡೆ ಇಟ್ಟಿಗೆ ಕಟ್ಟೆ ಕಟ್ಟಿ ಅದರ ಮೇಲೆ ಕೂರಿಸುವುದು ಕ್ಷೇಮ. ಹೊಗೆ ಕೊಳವೆ ಪಕ್ಕದ ಮನೆಯ ಕಿಟಕಿಗಿಂತ ಎತ್ತರಕ್ಕೆ ಹೋಗಬೇಕು, ಮಸಿ ಸೋಲಾರಿನ ಗಾಜಿನ ಕೊಳವೆಗಳ ಮೇಲೆ ಬೀಳದ ದಿಕ್ಕಿನಲ್ಲಿರಬೇಕು.

ಪೈಪ್ ಜೋಡಿಸುವಾಗ ಸೋಲಾರಿನ ಬಿಸಿನೀರಿನ ಪೈಪಿನಿಂದ ಒಂದು ಕವಲನ್ನು ತೆಗೆದು, ಕೆಳಮುಖವಾಗಿ ಬಾಗಿಸಿ, ಬಾಯ್ಲರಿನ ತಳಕ್ಕೆ ಕೊಡಿ. ಬಾಯ್ಲರಿನ ನೆತ್ತಿಯಿಂದ ಹೊರಟ ಪೈಪ್ ಮುಂದೆ ಅದೇ ಬಿಸಿನೀರಿನ ಲೈನಿಗೆ ಸೇರಲಿ. ಹೀಗೆ ಮಾಡಿದರೆ ಮೋಡದ ದಿನದ ಅರೆಬಿಸಿ ನೀರೂ ವ್ಯರ್ಥವಾಗುವುದಿಲ್ಲ. 100 ಲೀಟರ್ ನೀರನ್ನು 22 ಡಿಗ್ರಿಯಿಂದ 45ಕ್ಕೆ ಏರಿಸಲು ಕರೆಂಟಿನ ಲೆಕ್ಕದಲ್ಲಿ ಸುಮಾರು 2.7 ಯೂನಿಟ್ ಶಾಖ ಬೇಕು. ಸೋಲಾರ್ ಅದನ್ನು 32ಕ್ಕೆ ತಂದುಕೊಟ್ಟಿದ್ದರೆ ಒಂದೂವರೆ ಯೂನಿಟ್ ಸಾಕು, ಅರ್ಧಕ್ಕೂ ಹೆಚ್ಚು ಶಾಖ ಚಿಮಣಿಯಲ್ಲಿ ಹೋದರೂ ಒಣ ಸೌದೆ ಒಂದು ಕೆಜಿಯ ಆಸುಪಾಸಿನಲ್ಲಿ ಮುಗಿಯುತ್ತದೆ.

ನೀರು ಕಾದ ಮೇಲೆ ಗೀಸರ್ ತಾನಾಗಿ ಆಫ್ ಆಗುತ್ತದೆ, ಸೌದೆಯ ಬೆಂಕಿ ಹಾಗೆ ತಾನಾಗಿ ಆರುವುದಿಲ್ಲ. ಇಡೀ ಕೆಲಸದಲ್ಲಿ ಪ್ಲಂಬರಿಗೆ ಎರಡೆರಡು ಸಲ ಹೇಳಬೇಕಾದ ಮಾತು ಇದೊಂದೇ. ಬಾಯ್ಲರಿನ ನೆತ್ತಿಯಿಂದ ಆವಿ ಹೊರಹೋಗಲು ಒಂದು ಏರ್ ವೆಂಟ್ ಪೈಪ್ ನೇರವಾಗಿ ಮೇಲೆದ್ದು, ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟವನ್ನು ದಾಟಿ, ಸೋಲಾರಿನ ವೆಂಟಿಗಿಂತ ತಗ್ಗಿಲ್ಲದಂತೆ ತೆರೆದ ಬಾಯಲ್ಲಿ ನಿಲ್ಲಬೇಕು. ಅದಕ್ಕೆ ವಾಲ್ವ್ ಕೂಡದು. ಬಾಯ್ಲರಿಗೆ ನೀರು ಬರುವ ಪೈಪಿಗೂ ವಾಲ್ವ್ ಕೂಡದು, ಯಾರಾದರೂ ಅದನ್ನು ಮುಚ್ಚಿ ಒಲೆ ಹಚ್ಚಿದರೆ ನೀರು ಆವಿಯಾಗಿ ಬೆಸುಗೆ ಕರಗುತ್ತದೆ. ವಾಲ್ವ್ ಬೇಕಾದದ್ದು ಎರಡೇ ಕಡೆ: ವೆಂಟ್ ಕವಲಿನ ನಂತರ ಬಾಯ್ಲರಿನಿಂದ ಹೊರಬರುವ ಪೈಪಿಗೆ ಒಂದು, ಸೋಲಾರಿನಿಂದ ಮನೆಗೆ ನೇರವಾಗಿ ಇಳಿಯುವ ಹಳೆಯ ಲೈನಿಗೆ ಇನ್ನೊಂದು. ಬಿಸಿಲಿದ್ದಾಗ ಮೊದಲನೆಯದನ್ನು ಮುಚ್ಚಿ ಎರಡನೆಯದನ್ನು ತೆರೆಯಿರಿ. ಮೋಡವಿದ್ದಾಗ ಅದಲು ಬದಲು.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ, ಆದರೆ ಬಿಸಿನೀರಿಗೆ ಹಾಕುವ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪ್ ತಾಳುವುದು 93ರವರೆಗೆ. ಆದ್ದರಿಂದ ಬಾಯ್ಲರಿನಿಂದ ಹೊರಡುವ ಮೊದಲ ಒಂದೆರಡು ಮೀಟರ್ ಮತ್ತು ವೆಂಟ್ ಪೂರ್ತಿ ತಾಮ್ರದ್ದಾಗಿರಲಿ.

ಒಲೆ ಹಚ್ಚುವ ಮುನ್ನ ಬಿಸಿನೀರಿನ ನಲ್ಲಿ ತಿರುಗಿಸಿ ನೀರು ಬರುತ್ತಿರುವುದನ್ನು ನೋಡಿಕೊಳ್ಳಬೇಕು. ಕಾವೇರಿ ನೀರು ಬಾರದ ದಿನ ಟ್ಯಾಂಕ್ ಬರಿದಾಗಿರಬಹುದು. ಪ್ಲೈವುಡ್, ಬಣ್ಣ ಬಳಿದ ಮರ, ಪ್ಲಾಸ್ಟಿಕ್ ಒಲೆಗೆ ಸಲ್ಲವು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಒಳಗೆ ಬಿಳಿ ಸುಣ್ಣ ಕಟ್ಟುವುದರಿಂದ ತಳದಲ್ಲಿ ನೀರು ಹೊರಬಿಡಲು ಒಂದು ನಲ್ಲಿಯನ್ನು ಇಡಿಸಿ, ವರ್ಷಕ್ಕೊಮ್ಮೆಯಾದರೂ ಖಾಲಿ ಮಾಡಿ ತೊಳೆಸಬೇಕು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹೇಗೂ ಹಂಡೆ ತಿಕ್ಕುವ ರೂಢಿಯಿದೆ. ಚಿಮಣಿಯ ಮಸಿಯನ್ನೂ ಅಂದೇ ತೆಗೆಸಿಬಿಡಬಹುದು.