ಲಗ್ನಪತ್ರಿಕೆ ಅಡ್ಡ ಇಟ್ಟು ಓದಿದ ದೆವ್ವದ ನಾಯಿಯ ಕಥೆ

ಕಾಲೇಜಿನಲ್ಲಿದ್ದಾಗ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಕಾದಂಬರಿಯ ಚಿತ್ರಗಳಿರುವ ಪ್ರತಿ ಕೈಗೆ ಸಿಕ್ಕಿತ್ತು. ಎಷ್ಟು ಪುಟ ಇದೆ ನೋಡೋಣ ಅಂತ ಸುಮ್ನೆ ಹಾಳೆ ತಿರುವಿದೆ. ಕೊನೆಯ ಕಡೆಯ ಒಂದು ಚಿತ್ರ ಕಣ್ಣಿಗೆ ಬಿತ್ತು. ಬಾಸ್ಕರ್‌ವಿಲ್ ಮನೆತನವನ್ನು ಕಾಡುವ ನಾಯಿ ದೆವ್ವವೋ ಅಲ್ಲವೋ ಅನ್ನುವ ಪ್ರಶ್ನೆಗೆ ಓದುವ ಮೊದಲೇ ಉತ್ತರ ಸಿಕ್ಕಿಬಿಟ್ಟಿತು. ಆ ಚಿತ್ರದಲ್ಲಿ ಏನಿತ್ತು ಅಂತ ಇಲ್ಲಿ ಬರೆಯಲ್ಲ. ಪುಸ್ತಕ ಪೂರ್ತಿ ಓದಿದೆ, ಆದರೆ ಒಂದು ಸಲವೂ ಎದೆ ಝಲ್ ಅನ್ನಲಿಲ್ಲ. ಆ ಬೇಜಾರು ಬಹಳ ವರ್ಷ ಹೋಗಲಿಲ್ಲ.

ಕಳೆದ ಮಳೆಗಾಲದಲ್ಲಿ ಅದೇ ಕಾದಂಬರಿಯನ್ನು ಕೋಲಾರದ ನಮ್ಮ ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಒಂದೊಂದೇ ಪ್ಯಾರಾ ಓದಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದೆ. ಈ ಸಲ ಚಿತ್ರ ಮುಂಚೆ ಕಾಣಲೇಬಾರದು ಅಂತ ಒಂದು ಹಳೇ ಲಗ್ನಪತ್ರಿಕೆ ಹುಡುಕಿ ತೆಗೆದೆ. ದಪ್ಪ ರಟ್ಟು, ಮೂಲೆಯಲ್ಲಿ ಇನ್ನೂ ಅರಿಶಿನ ಹತ್ತಿಕೊಂಡಿತ್ತು. ಅದನ್ನು ಎರಡು ತುಂಡು ಮಾಡಿ ಎಡಕ್ಕೊಂದು, ಬಲಕ್ಕೊಂದು ಇಟ್ಟೆ. ಹಾಳೆ ತಿರುವುವಾಗಲೇ ರಟ್ಟನ್ನು ಮೇಲೆ ಜಾರಿಸುವುದು, ಸಾಲು ಓದಿದಂತೆ ಕೆಳಕ್ಕೆ ಎಳೆಯುವುದು. ಚಿತ್ರ ಅಡ್ಡ ಬಂದರೆ ಅದರ ಮೇಲೆ ಒಂದು ಚೀಟಿ ಇಟ್ಟು ಮುಂದೆ ಓದುವುದು. ಆ ಪ್ರಸಂಗ ಮುಗಿದ ಮೇಲೆ ಹಿಂದಕ್ಕೆ ಬಂದು ಚೀಟಿ ತೆಗೆಯುತ್ತಿದ್ದೆ. ಚಿತ್ರದ ಅಡಿಯಲ್ಲಿ ಇರುತ್ತಿದ್ದದ್ದು ಕಥೆಯ ಸಾಲೇ. ಈಗಷ್ಟೇ ಕೇಳಿದ ಮಾತು ಕಣ್ಣೆದುರು ಬಂದು ನಿಂತ ಹಾಗಾಗುತ್ತಿತ್ತು.

ಎಷ್ಟೆಷ್ಟು ಓದಬೇಕು ಅನ್ನುವುದೂ ಮುಖ್ಯ. ಆರ್ಥರ್ ಕೊನನ್ ಡಾಯ್ಲ್ ಇದನ್ನು ಬರೆದದ್ದು ಧಾರಾವಾಹಿಯಾಗಿ. ಸ್ಟ್ರಾಂಡ್ ಮ್ಯಾಗಜಿನ್‌ನಲ್ಲಿ 1901ರ ಆಗಸ್ಟ್‌ನಿಂದ 1902ರ ಏಪ್ರಿಲ್‌ವರೆಗೆ, ತಿಂಗಳಿಗೆ ಒಂದರಂತೆ 9 ಕಂತು ಬಂತು. ಹಾಗಾಗಿ ನಾನೂ 15 ಅಧ್ಯಾಯಗಳನ್ನು 9 ರಾತ್ರಿಗೆ ಹಂಚಿಕೊಂಡೆ. ಮೊದಲ ಕಂತು ನಿಲ್ಲುವುದು ಎರಡನೇ ಅಧ್ಯಾಯದ ಕೊನೆಗೆ. ಸತ್ತವನ ಹತ್ತಿರ ಹೆಜ್ಜೆ ಗುರುತು ಇತ್ತು, ಅದು ಮನುಷ್ಯನದ್ದಲ್ಲ, ದೈತ್ಯ ನಾಯಿಯದ್ದು ಅಂತ ಡಾಕ್ಟರ್ ಹೇಳುವ ಮಾತಿಗೆ. ಅಲ್ಲೇ ಪುಸ್ತಕ ಮುಚ್ಚಿದೆ.

“ನಿಲ್ಲಿಸಬೇಡ ಕಣೇ” ಅಂದರು ಅಮ್ಮ.

“ಆಗಿನವರು ಒಂದು ತಿಂಗಳು ಕಾಯ್ತಿದ್ರಮ್ಮ. ನೀನು ಒಂದು ರಾತ್ರಿ ಕಾಯಿ.”

ಅಮ್ಮನಿಗೆ ಈ ಕಾಯುವಿಕೆ ಹೊಸದಲ್ಲ. ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಬಿಡಿಸಿ, ದಬ್ಬಣದಲ್ಲಿ ಹೊಲಿದು ಪುಸ್ತಕ ಮಾಡಿ ಇಟ್ಟವರು ಅವರು.

ಕಥೆ ನಡೆಯುವ ಡಾರ್ಟ್‌ಮೂರ್ ಇಂಗ್ಲೆಂಡಿನ ಬಯಲು. ಅಲ್ಲಿ ಗುಡ್ಡದ ನೆತ್ತಿಯಲ್ಲಿ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಕೂತಿರುತ್ತವೆ. ಅದಕ್ಕೆ ಟಾರ್ ಅನ್ನುತ್ತಾರೆ. “ನಮ್ಮ ಅಂತರಗಂಗೆ ಬೆಟ್ಟದ ಬಂಡೆಗಳ ಥರ” ಅಂದೆ, ಅಷ್ಟು ಸಾಕಾಯಿತು. ಕುಳ್ಳ ಜಾತಿಯ ಕುದುರೆಯೊಂದು ಹುದುಲಿನಲ್ಲಿ, ಅಂದರೆ ಆಳದ ಕೆಸರಿನಲ್ಲಿ, ಮುಳುಗುವ ಕಡೆ ಅಮ್ಮನೇ ನನ್ನನ್ನು ತಡೆದರು. ಚಿಕ್ಕಂದಿನಲ್ಲಿ ಕೆರೆಯ ಹೂಳಿನಲ್ಲಿ ಸಿಕ್ಕಿಕೊಂಡ ಎಮ್ಮೆಯನ್ನು ನೋಡಿದ್ದರಂತೆ. ಕತ್ತು ಮಾತ್ರ ಮೇಲೆ ಇತ್ತಂತೆ. ಆ ರಾತ್ರಿ ಓದಿದ್ದಕ್ಕಿಂತ ಆ ಎಮ್ಮೆಯ ಮಾತೇ ಜಾಸ್ತಿ ಆಯಿತು, ಹುದುಲು ನನಗೂ ಆಗಲೇ ಸರಿಯಾಗಿ ಕಂಡಿದ್ದು.

ಚಿತ್ರ ಬರೆದವರು ಸಿಡ್ನಿ ಪ್ಯಾಜೆಟ್. ಹೋಮ್ಸ್‌ನ ಕಿವಿ ಮುಚ್ಚುವ ಟೋಪಿ ನಮಗೆಲ್ಲ ಗೊತ್ತಲ್ವಾ, ಅದನ್ನು 1891ರಲ್ಲೇ ಅವನ ತಲೆಗೆ ಇಟ್ಟವರು ಇವರೇ. ಕಪ್ಪು, ಬಿಳುಪು, ನಡುವೆ ಬೂದು ಬಣ್ಣ, ಅಷ್ಟೇ. ಬೆಳದಿಂಗಳಿಗೆ ಬೇರೆ ಬಣ್ಣ ಬೇಕೇ ಇಲ್ಲ ಅನ್ನಿಸುತ್ತದೆ. ಚಂದ್ರನ ಎದುರು, ಬಂಡೆಯ ತುದಿಯಲ್ಲಿ ಒಬ್ಬ ತೆಳ್ಳಗಿನ ಮನುಷ್ಯ ಕೈ ಕಟ್ಟಿ ನಿಂತಿರುವ ಚಿತ್ರದ ಮೇಲಿನ ಚೀಟಿ ತೆಗೆದಾಗ ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಯಾರು ಇವನು?” ಅಂತ ಪಿಸುಗುಟ್ಟಿದರು. ನನಗೆ ಗೊತ್ತಿತ್ತು. ಆದರೂ ಮೈ ಜುಮ್ ಅಂತು. ಕಾಲೇಜಿನಲ್ಲಿ ಕಳೆದುಕೊಂಡದ್ದು ಇದನ್ನೇ.

13ನೇ ಅಧ್ಯಾಯದಲ್ಲಿ ಒಂದು ಜಾಗ ಇದೆ. ಗೋಡೆಯ ಮೇಲೆ ಹಳೇ ಮನೆತನದವನ ಭಾವಚಿತ್ರ, 1647ರದ್ದು. ಹೋಮ್ಸ್ ಕುರ್ಚಿ ಹತ್ತಿ, ಎಡಗೈಯಲ್ಲಿ ದೀಪ ಹಿಡಿದು, ಬಲಗೈಯಿಂದ ಚಿತ್ರದ ಟೋಪಿ, ಗುಂಗುರು ಕೂದಲು ಮುಚ್ಚುತ್ತಾನೆ. ಉಳಿದ ಮುಖ ಯಾರದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಅದನ್ನು ಓದುವಾಗ ನನ್ನ ಕೈಯಲ್ಲೂ ರಟ್ಟು ಇತ್ತು. ಅಮ್ಮ ಅದನ್ನೇ ನೋಡುತ್ತಿದ್ದರು. “ಅವನೂ ಮುಚ್ಚಿಯೇ ಕಂಡುಹಿಡಿದ, ನೋಡು” ಅಂದರು.

ಒಂಬತ್ತು ರಾತ್ರಿ ಆದ ಮೇಲೆ ಪುಸ್ತಕ ಅಮ್ಮನ ಹತ್ತಿರವೇ ಉಳಿಯಿತು. ಅಕ್ಷರ ಬೇಡ, ಚಿತ್ರ ಸಾಕು ಅವರಿಗೆ. ಒಂದು ಮಧ್ಯಾಹ್ನ ಪಕ್ಕದ ಮನೆಯ ಅಕ್ಕನನ್ನು ಕೂರಿಸಿಕೊಂಡು ಕಥೆ ಹೇಳುತ್ತಿದ್ದರು. ತೊಡೆಯ ಮೇಲೆ ಪುಸ್ತಕ, ಅದರ ಮೇಲೆ ಲಗ್ನಪತ್ರಿಕೆಯ ತುಂಡು. ಹೆಜ್ಜೆ ಗುರುತಿನವರೆಗೆ ಬಂದು ಪುಸ್ತಕ ಮುಚ್ಚಿ, “ಮಿಕ್ಕಿದ್ದು ನಾಳೆ” ಅಂದರು.